ಚೀಟಿಗೆ ನೆನಪಿಲ್ಲ

ನಿಜವಾಗಿ ನಡೆದದ್ದನ್ನು ಹೇಳುವುದರಲ್ಲಿ ಒಂದು ತೊಂದರೆಯಿದೆ. ಅದು ನಡೆಯುವ ಸಂಭವ ಯಾವಾಗಲೂ ತೀರ ಕಡಿಮೆ ಇರುತ್ತದೆ. ಸುಳ್ಳು ಹೇಳುವವನು ಕೇಳುವವರು ನಂಬುವಂಥದ್ದನ್ನೇ ಆರಿಸಿಕೊಳ್ಳಬಹುದು. ಖರೆ ಹೇಳುವವನಿಗೆ ಆ ಸವಲತ್ತಿಲ್ಲ. ಆದ್ದರಿಂದ ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಒಂದು ಶನಿವಾರ ನಡೆದ ಈ ಖರೆ ಸಂಗತಿಯನ್ನು, ನಂಬಿಸುವ ಗೋಜಿಗೆ ಹೋಗದೆ, ನಡೆದ ಹಾಗೆಯೇ ಹೇಳಿಬಿಡುವುದು ಒಳ್ಳೆಯದು. ಪ್ರಾರ್ಥನೆ ಮುಗಿದು ಮಕ್ಕಳು ಕ್ಲಾಸಿಗೆ ಹೋದ ಮೇಲೆ ಹೆಡ್‌ಮಾಸ್ತರ ಉದ್ದಪ್ಪನವರು ಖಡುವಿನ, ಅಂದರೆ ಸೀಮೆಸುಣ್ಣದ, ಹಳೆಯ ಡಬ್ಬಿಯನ್ನು ಟೀಚರ್ಸ್ ರೂಮಿನ ಕಪಾಟಿನಿಂದ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಚೀಟಿಗಳು ಇನ್ನೂ ಬದುಕಿವೆಯೇ ಎಂದು ಖಾತ್ರಿ ಮಾಡಿಕೊಂಡವರಂತೆ ತಲೆದೂಗಿ, ಕಣ್ಣು ಮುಚ್ಚಿ ಕೈ ಇಳಿಸಿದರು. ಗಣಿತದ ಮಾಸ್ತರ ಗಜಾನನ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಎಡಗೈಯ ಕಿರುಬೆರಳು ತಾನಾಗಿ ಮಡಚಿಕೊಂಡಿತು. ಬೇಡ, ಇವತ್ತೊಂದು ದಿನ ಬೇಡ, ಎಂದು ಅವನು ಯಾರಿಗೋ ಹೇಳಿದ. ಯಾರಿಗೆ ಎಂದು ಕೇಳಿಕೊಂಡ ಕ್ಷಣದಲ್ಲೇ ಅವನಿಗೆ ನಾಚಿಕೆಯಾಯಿತು. ಡಬ್ಬಿಯೊಳಗೆ ಕೇಳಿಸಿಕೊಳ್ಳುವವರು ಯಾರಿದ್ದಾರೆ?

"ಸೋಮವಾರ ಮೂಡಲಗಿ ಟ್ರೇನಿಂಗು," ಎಂದು ಉದ್ದಪ್ಪನವರು ಚೀಟಿ ಬಿಚ್ಚಿದರು. ಓದಿದರು. ಕನ್ನಡಕ ಮೇಲೆತ್ತಿ ಮತ್ತೊಮ್ಮೆ ಓದಿದರು. "ಗಜಾನನ ಸರ... ಏನ್ ಮಾಡೂದ್ರಿ, ಮತ್ತ ನೀವಽ."

ಆಟದ ಮಾಸ್ತರ ರಾಯಪ್ಪ ಬಾಯಿಗೆ ಕರವಸ್ತ್ರ ಹಿಡಿದು ಕೆಮ್ಮಿದ. ವಿಜ್ಞಾನದ ರಾಜೇಶ್ವರಿ ಅಕ್ಕಾರು ಹಾಜರಿ ಪುಸ್ತಕದೊಳಗೆ ಮುಖ ಹುದುಗಿಸಿದರು. ಕನ್ನಡದ ಮಾಸ್ತರ ಮಲ್ಲೇಶ ಮಾತ್ರ ಎದ್ದು ಬಂದು ಗಜಾನನನ ಕೈ ಹಿಡಿದು ಕುಲುಕಿದ. "ಗಣಿತದವರ ಪುಣ್ಯ ಅಗಣಿತ ನೋಡ್ರಿ. ನಾವೂ ತಿಂಗಳಗಟ್ಲೆ ಬೇಡ್ಕೋಳಾಕತ್ತೇವಿ, ನಮ್ಮ ಹೆಸರ ಒಮ್ಮೆರ ಬರಲಿ ಅಂತ. ಮೂಡಲಗಿ ನೋಡೂ ಯೋಗ ನಮಗಿಲ್ಲ."

ಉದ್ದಪ್ಪನವರು ಚೀಟಿಯನ್ನು ಮೊದಲಿನ ಹಾಗೆ ಸುರುಳಿ ಸುತ್ತಿ ಡಬ್ಬಿಯೊಳಗೆ ಹಾಕಿದರು. ಹಾಗೆ ಮರಳಿ ಹಾಕಬೇಕೆಂಬುದು ಗಜಾನನನೇ ಮಾಡಿಸಿದ ನಿಯಮ. ಮಳೆಗಾಲದ ಮೊದಲಲ್ಲಿ, ಹೊರಗಿನ ಕೆಲಸಕ್ಕೆ ಯಾರನ್ನು ಕಳಿಸಬೇಕೆನ್ನುವ ಜಗಳ ತೀರಿಸಲು ಚೀಟಿ ಎತ್ತೋಣವೆಂದು ಸೂಚಿಸಿದವನೂ ಅವನೇ, ಇಂಗ್ಲಿಷ್, ಹಿಂದಿಯ ಮಾಸ್ತರರೂ ಸೇರಿ ಆರು ಜನರ ಹೆಸರನ್ನು ತನ್ನ ಗುಂಡು ಅಕ್ಷರದಲ್ಲಿ ಬರೆದವನೂ ಅವನೇ. ಒಮ್ಮೆ ಬಂದ ಚೀಟಿ ಹೊರಗಿಟ್ಟುಬಿಡೋಣ, ಎಲ್ಲರದೂ ಒಂದೊಂದು ಸುತ್ತು ಮುಗಿಯಲಿ, ಹೊಲಕ್ಕೆ ನೀರಿನ ಪಾಳಿ ಹಚ್ಚಿದ ಹಾಗೆ, ಎಂದು ರಾಯಪ್ಪ ಅಂದಿದ್ದ. ಗಜಾನನ ನಕ್ಕಿದ್ದ. ಆ ನಗೆ ಈಗ ನೆನಪಾದರೆ ಅವನ ಕಿವಿ ಬಿಸಿಯಾಗುತ್ತದೆ. "ಅದು ಪಾಳಿ ಆತ್ರಿ ರಾಯಪ್ಪ ಸರ, ಸಂಭವ ಆಗೂದಿಲ್ಲ. ಪ್ರತಿ ಸಲಾನೂ ಎಲ್ಲಾರ್ದೂ ಹೆಸರು ಒಳಗಿರಬೇಕು. ಚೀಟಿಗೆ ಮುಖ ಗೊತ್ತಿಲ್ಲ, ಚೀಟಿಗೆ ನೆನಪಿಲ್ಲ." ಒಬ್ಬನ ಹೆಸರೇ ಮತ್ತೆ ಮತ್ತೆ ಬಂದರೆ ಎಂದು ಮಲ್ಲೇಶ ಕೇಳಿದ್ದ, ತೀರ ಅಮಾಯಕನಂತೆ. ಬರಲಿ, ಖರೆ ಸಂಭವ ಅಂದರೆ ಹಾಗೇ ಇರುತ್ತದೆ, ಎಂದು ಗಜಾನನ ಬೆರಳೆತ್ತಿ ಹೇಳಿದ್ದ. ಆ ಮೇಲೆ ಎತ್ತಿದ ಮೊದಲ ಚೀಟಿಯಲ್ಲಿ ಅವನ ಹೆಸರು. ಎರಡನೆಯದರಲ್ಲೂ. ಮತದಾರರ ಪಟ್ಟಿಗೆ ಮನೆ ಮನೆ ತಿರುಗಿದವನು ಅವನು, ಗೋಕಾಕದಿಂದ ಪ್ರಶ್ನೆಪತ್ರಿಕೆಯ ಕಟ್ಟು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದವನು ಅವನು, ಕಬಡ್ಡಿಯ ಗಂಧವಿಲ್ಲದೆ ಕಬಡ್ಡಿ ಹುಡುಗರನ್ನು ಮೂಡಲಗಿಗೆ ಕರೆದೊಯ್ದು ಬಿಸಿಲಲ್ಲಿ ನಿಂತವನು ಅವನು. ಇವತ್ತಿನದು ಸತತ ಆರನೆಯದು.

ಹತ್ತನೇ ತರಗತಿಗೆ ಹೋಗುವಾಗ ಅವನ ತಲೆಯೊಳಗೆ ಲೆಕ್ಕ ತಾನಾಗಿ ಉರುಳುತ್ತಿತ್ತು. ಆರನ್ನು ಆರರಿಂದ ಗುಣಿಸಿ, ಮತ್ತೆ ಆರರಿಂದ, ಮತ್ತೆ. ನಲವತ್ತಾರು ಸಾವಿರದ ಆರುನೂರ ಐವತ್ತಾರರಲ್ಲಿ ಒಂದು. ಐದನೇ ಸಲ ಬಂದಾಗ ಏಳು ಸಾವಿರದ ಚಿಲ್ಲರೆಯಲ್ಲಿ ಒಂದು ಎಂದು ಎಲ್ಲರೆದುರು ಹೇಳಿ, "ಆದರ ಎಷ್ಟು ಸಾಲಿ ಅದಾವ್ರಿ, ಎಷ್ಟು ಮಂದಿ ಮಾಸ್ತರು, ಯಾರೋ ಒಬ್ಬಗ ಹಿಂಗ ಬರಬೇಕಲ್ಲ," ಎಂದು ಸಮಾಧಾನದ ಮುಖ ಮಾಡಿದ್ದ. ಚೀಟಿ ಎತ್ತುವ ಪದ್ಧತಿ ಸುತ್ತಮುತ್ತ ಇನ್ನಾವ ಶಾಲೆಯಲ್ಲಿಯೂ ಇಲ್ಲ, ಇದೊಂದೇ ಶಾಲೆಯಲ್ಲಿ, ಅದೂ ತಾನೇ ಹಚ್ಚಿದ್ದು, ಎಂಬುದು ಮನೆಗೆ ಹೋಗುವ ದಾರಿಯಲ್ಲಿ ಹೊಳೆದಿತ್ತು. ಅಂದಿನಿಂದ ಅವನೊಳಗೆ ಒಂದು ಅಂಜಿಕೆ ಬೇರುಬಿಟ್ಟಿತ್ತು. ಉದ್ದಪ್ಪನವರ ಕೈಯ ಮೇಲೆ ಒಂದೆರಡು ದಿನ ಸಂಶಯಪಟ್ಟಿದ್ದ. ಆದರೆ ಆ ಮನುಷ್ಯ ಕಣ್ಣು ಮುಚ್ಚಿದರೆ ಖರೆಖರೆ ಮುಚ್ಚುವವರು, ಸಭೆಗಳಲ್ಲಿ ಅದನ್ನು ಜಿಲ್ಲೆಯೇ ನೋಡಿದೆ. ಡಬ್ಬಿಯನ್ನು ಒಮ್ಮೆ ಬೋರಲು ಹಾಕಿ ನೋಡಿದರೆ? ಎಷ್ಟೋ ಸಲ ಖಾಲಿ ಟೀಚರ್ಸ್ ರೂಮಿನಲ್ಲಿ ಕಪಾಟಿನ ಮುಂದೆ ನಿಂತಿದ್ದಾನೆ. ಕೈ ಮುಂದೆ ಹೋಗಿದೆ, ಹಿಂದೆ ಬಂದಿದೆ. ಯಾರಾದರೂ ನೋಡಿದರೆ? ಸಂಭವ ಕಲಿಸುವ ಮಾಸ್ತರನೇ ಸಂಭವವನ್ನು ನಂಬದೆ ಡಬ್ಬಿ ತಡಕಾಡುತ್ತಿದ್ದ ಅಂದರೆ ಮಲ್ಲೇಶನಿಗೆ ಒಂದು ವರ್ಷದ ಬುತ್ತಿ ಕಟ್ಟಿಕೊಟ್ಟ ಹಾಗೆ.

ಕರಿಹಲಗೆಯ ಮೇಲೆ ನಾಣ್ಯದ ಚಿತ್ರ ಬರೆದು, ನಾಣ್ಯ ಹಿಂದಿನದನ್ನು ನೆನಪಿಡುವುದಿಲ್ಲ, ಹತ್ತು ಸಲ ಒಂದೇ ಮುಖ ಬಿದ್ದರೂ ಹನ್ನೊಂದನೇ ಸಲಕ್ಕೆ ಅದು ಅರ್ಧಕ್ಕರ್ಧವೇ, ಎಂದು ಹೇಳುತ್ತಿರುವಾಗ ಮುಂದಿನ ಬೆಂಚಿನ ಐಶ್ವರ್ಯ ಕೈಯೆತ್ತಿದಳು. "ಸರ, ಹಂಗಾರ ನಿಮ್ಮ ಹೆಸರಽ ಯಾಕ ಬರತೈತ್ರಿ?" ಹಿಂದಿನ ಬೆಂಚುಗಳಲ್ಲಿ ಗುಸುಗುಸು. ಮಕ್ಕಳಿಗೂ ಗೊತ್ತಾಗಿದೆ. ಅವನು ಉತ್ತರಕ್ಕೆ ಬಾಯಿ ತೆರೆದ. ಉತ್ತರ ಅವನಿಗೆ ಗೊತ್ತಿತ್ತು, ಇದೇ ಕೋಣೆಯಲ್ಲಿ ಎಷ್ಟೋ ವರ್ಷ ಅದನ್ನೇ ಹೇಳಿದ್ದ. ಆದರೆ ಬಾಯಿಗೆ ಬಂದದ್ದು ಹೆಂಡತಿಯನ್ನು ಪರೀಕ್ಷಿಸಿದ ಗೋಕಾಕದ ಡಾಕ್ಟರರ ಮಾತು. ನೂರರಾಗ ತೊಂಬತ್ತೊಂಬತ್ತು ಮಂದಿ. ಖಡು ಬೆರಳ ನಡುವೆ ಮುರಿಯಿತು. "ಕುಂದರು," ಎಂದ, ಬೇಕಾದದ್ದಕ್ಕಿಂತ ಜೋರಾಗಿ. ಹುಡುಗಿ ಕೆಂಪಾಗಿ ಕೂತಳು. ಇನ್ನುಳಿದ ಅವಧಿ ಪೂರ್ತಿ ಅವಳು ಬೆಂಚಿನ ಮೇಲೆ ಉಗುರಿನಿಂದ ಗೀರುತ್ತಿದ್ದದ್ದು ಅವನಿಗೆ ಕೇಳಿಸುತ್ತಲೇ ಇತ್ತು.

ಹೆಂಡತಿ ಅನ್ನಪೂರ್ಣಾಳ ಪಿತ್ತಕೋಶದಲ್ಲಿ ಹರಳುಗಳಿವೆ. ಜೋಳದ ಕಾಳಿನಷ್ಟು ದೊಡ್ಡವು, ನಾಲ್ಕೈದು, ಎಂದು ಸ್ಕ್ಯಾನಿಂಗಿನ ಚಿತ್ರವನ್ನು ಬೆಳಕಿಗೆ ಹಿಡಿದು ಡಾಕ್ಟರರು ತೋರಿಸಿದಾಗ ಅವಳು, ಇವನ್ನ ಯಾವಾಗ ಬಿತ್ತಿದ್ನೋ, ಎಂದು ನಕ್ಕಿದ್ದಳು. ನೋವು ಬಂದಾಗ ಮಾತ್ರ ನಗೆ ಇರುವುದಿಲ್ಲ. ಒಲೆಯ ಕಟ್ಟೆ ಹಿಡಿದು ಬಗ್ಗಿ, ತುಟಿ ಕಚ್ಚಿ, ರೊಟ್ಟಿ ಹೊತ್ತುವ ವಾಸನೆ ಬಂದರೂ ಕೈ ಎತ್ತಲಾಗದೆ ನಿಂತುಬಿಡುತ್ತಾಳೆ. ಆಪರೇಷನ್ ಮಾಡಿ ಪಿತ್ತಕೋಶ ತೆಗೆದರೆ ಮುಗಿಯಿತು. "ನೂರರಾಗ ತೊಂಬತ್ತೊಂಬತ್ತು ಮಂದಿ ನಾಕ ದಿನದಾಗ ಮನಿಗಿ ಹೋಗಿ ರೊಟ್ಟಿ ತಿಂತಾರ್ರಿ," ಎಂದರು ಡಾಕ್ಟರು. "ಉಳದ ಒಬ್ರು?" ಎಂದು ಗಜಾನನ ಕೇಳಿದ್ದ. ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು. "ನೀವು ಗಣಿತದ ಮಾಸ್ತರ ಅಲ್ಲೇನ್ರಿ? ಬಿಟ್ಟ್ರ ಲೆಕ್ಕ ಇದಕ್ಕಿಂತ ಕೆಡತೈತಿ. ಒಳಗ ಕೀವಾದ್ರ ಆಮ್ಯಾಲೆ ನನಗ ತೊಂಬತ್ತೊಂಬತ್ತು ಅನ್ನಾಕ ಬರೂದಿಲ್ಲ." ಅವನಿಗೆ ಅದು ಅರ್ಥವಾಗಿತ್ತು. ಗಣಿತವಾಗಿ ಅರ್ಥವಾಗಿತ್ತು. ಆದರೆ ಆರರಲ್ಲಿ ಒಂದಾಗಿ ಮತ್ತೆ ಮತ್ತೆ ಆರಿಸಲ್ಪಟ್ಟವನಿಗೆ ನೂರರಲ್ಲಿ ಒಂದು ಅಂದರೆ ಎಷ್ಟು ದೂರ? ನಲವತ್ತಾರು ಸಾವಿರದಲ್ಲಿ ತನ್ನನ್ನು ಹುಡುಕಿ ಹಿಡಿದ ಬೆರಳಿಗೆ ನೂರು ಜನರ ನಡುವೆ ತನ್ನ ಹೆಂಡತಿಯನ್ನು ಹುಡುಕುವುದು ಎಷ್ಟು ಹೊತ್ತಿನ ಕೆಲಸ? ಒಂದು ಸಲ ಪರೀಕ್ಷೆಯ ನೆಪ, ಇನ್ನೊಂದು ಸಲ ಅಮಾವಾಸ್ಯೆಯ ನೆಪ ಹೇಳಿ ಅವನು ಆಪರೇಷನ್ ಮುಂದೂಡಿದ್ದ. ಅಮಾವಾಸ್ಯೆ ಅಂದಾಗ ಅನ್ನಪೂರ್ಣಾ ಅವನನ್ನು ವಿಚಿತ್ರವಾಗಿ ನೋಡಿದ್ದಳು. ಮದುವೆಯಾದ ಹೊಸದರಲ್ಲಿ ಅಮಾವಾಸ್ಯೆಯ ದಿನವೇ ಹಟ ಹಿಡಿದು ಅವಳನ್ನು ಪ್ರಯಾಣ ಹೊರಡಿಸಿದವನು ಇವನೇ. ಈಗ ಆಪರೇಷನ್ನಿಗೆ ಸೋಮವಾರ ನಿಗದಿಯಾಗಿತ್ತು. ಕುಲಗೋಡದಿಂದ ಅವಳ ತಾಯಿ ಕೆಂಚವ್ವ ಭಾನುವಾರ ಬರುವವಳಿದ್ದಳು. ಶಾಲೆಯಲ್ಲಿ ಯಾರಿಗೂ ಅವನು ಹೇಳಿರಲಿಲ್ಲ. ಹೇಳಿದರೆ ಎರಡು ಸಲ ಯಾಕೆ ಮುಂದೂಡಿದಿರಿ ಎಂದು ಕೇಳುತ್ತಾರೆ.

ಸೋಮವಾರದ ಚೀಟಿಯಲ್ಲಿ ತನ್ನ ಹೆಸರು ಕೇಳಿದಾಗ ಅಂಜಿಕೆಯಾದದ್ದು ನಿಜ, ಆದರೆ ಅದರ ಹಿಂದೆಯೇ ಇನ್ನೊಂದು ಬಂದಿತ್ತು, ಅದನ್ನು ಈಗ ಒಪ್ಪಿಕೊಳ್ಳುವುದು ಕಷ್ಟ: ಹಗುರ. ನೆಪ ತಾನಾಗಿ ಕೈಗೆ ಬಂದು ಕೂತಿತ್ತು. ಆಪರೇಷನ್ ಇದೆ ಎಂದು ಒಂದು ಮಾತು ಹೇಳಿದ್ದರೆ ರಾಯಪ್ಪನೋ ರಾಜೇಶ್ವರಿ ಅಕ್ಕಾರೋ ಮೂಡಲಗಿಗೆ ಹೋಗುತ್ತಿದ್ದರು. ಆ ಒಂದು ಮಾತನ್ನು ಅವನು ಹೇಳಲಿಲ್ಲ.

ಶಾಲೆ ಬಿಟ್ಟ ಮೇಲೆ ಅವನು ಟೀಚರ್ಸ್ ರೂಮಿನ ಬಾಗಿಲ ತನಕ ಬಂದು ನಿಂತ. ಒಳಗೆ ಅವನೇ ಮಾತಾಡುತ್ತಿದ್ದ. "ಏನ್ ಅಂದ್ರ... ಇಲ್ಲೆ ತಿಳಕೋಬೇಕಾದ ಮುಖ್ಯ ಅಂಶ ಏನ್ ಅಂದ್ರ... ಚೀಟಿಗೆ ನೆನಪಿಲ್ರಿ. ನಮ್ಮನಿಯಾಕಿಗೆ ಐತಿ, ಚೀಟಿಗೆ ಇಲ್ಲ." ಅದೇ ಮೂಗಿನ ದನಿ, ವಾಕ್ಯದ ನಡುವೆ ಅದೇ ಎಂಜಲು ನುಂಗುವ ಸದ್ದು, ಪ್ರತಿ 'ಅಂದ್ರ'ಕ್ಕೂ ಖಡು ಹಿಡಿದ ಕೈಯನ್ನು ಹೆಗಲಿಗೆ ಒರೆಸಿಕೊಳ್ಳುವ ಅದೇ ಚಾಳಿ. ಬಾಗಿಲ ಸಂದಿಯಿಂದ ಅಣಕಿಸುತ್ತಿದ್ದ ಮಲ್ಲೇಶನ ಮೊಣಕೈ ಕಾಣುತ್ತಿತ್ತು. ಒಳಗೆ ರಾಯಪ್ಪ ಉಸಿರು ಕಟ್ಟಿ ನಗುತ್ತಿದ್ದ. ಮಲ್ಲೇಶ ಎಲ್ಲರನ್ನೂ ಅಣಕಿಸುತ್ತಾನೆ. ಉದ್ದಪ್ಪನವರ ಆಕಳಿಕೆಯನ್ನು ಅವರೆದುರೇ ಮಾಡಿ ತೋರಿಸಿ ಅವರಿಂದಲೇ ಶಾಬಾಸು ಗಿಟ್ಟಿಸಿದವನು. ಆದರೂ ತನ್ನ ದನಿ ತಾನಿಲ್ಲದೆ ಇಷ್ಟು ಸುಖವಾಗಿ, ಇಷ್ಟು ಧೈರ್ಯವಾಗಿ ಮಾತಾಡಬಲ್ಲದು ಎಂಬುದು ಗಜಾನನನಿಗೆ ಚುಚ್ಚಿತು. ಒಳಗಿದ್ದ ಗಜಾನನನಿಗೆ ಯಾವ ಹೆದರಿಕೆಯೂ ಇರಲಿಲ್ಲ. ಮೇಜಿನ ಮೇಲೆ ಬಿಟ್ಟಿದ್ದ ಕನ್ನಡಕ ತೆಗೆದುಕೊಳ್ಳಲು ಬಂದವನು ಅದನ್ನು ಅಲ್ಲೇ ಬಿಟ್ಟು ತಿರುಗಿದ.

ಮೈದಾನದ ಬೇವಿನ ಮರದ ಕೆಳಗೆ ನಿಂತು ಮನೆಗೆ ಫೋನು ಹಚ್ಚಿದ. "ಸಾಲಿ ಬಿಟ್ತೇನ್ರಿ?" ಎಂದಳು ಅನ್ನಪೂರ್ಣಾ. ಹಿಂದೆ ಕುಕ್ಕರು ಸಿಳ್ಳೆ ಹಾಕುತ್ತಿತ್ತು.

"ಸೋಮವಾರ ಮೂಡಲಗಿಗೆ ಟ್ರೇನಿಂಗ ಬಂದೈತಿ."

ಅವಳು ಒಲೆ ಆರಿಸಿದಳು, ಸಿಳ್ಳೆ ನಿಂತಿತು. "ಚೀಟಿಯೊಳಗೇನು?"

"ಹೂಂ."

"ಬ್ಯಾರೇದವ್ರಿಗೆ ಕೇಳಿದ್ರಿ?"

"ನಿಯಮ ಅಂದ್ರ ನಿಯಮ ಅನ್ನಪೂರ್ಣಾ. ನಾನಽ ಮಾಡಿದ್ದು. ನಾನಽ ಮುರದ್ರ ಹೆಂಗ?"

"ಆತ್ ಬಿಡ್ರಿ. ಅವ್ವಗ ಬರಬ್ಯಾಡಂತ ಹೇಳತೇನಿ." ಅವಳು ಫೋನು ಇಡುತ್ತಾಳೆ ಎಂದುಕೊಂಡ. ಇಡಲಿಲ್ಲ. ಉಸಿರು ಎಳೆದುಕೊಂಡದ್ದು ಕೇಳಿಸಿತು, ನೋವು ಬಂದಿರಬೇಕು. "ಒಂದ್ ಮಾತು ಕೇಳತೇನಿ, ಸಿಟ್ಟಿಗೇಳಬ್ಯಾಡ್ರಿ. ನಿಮಗ ನನ್ನ ಜೀವದ ಚಿಂತಿ ಐತ್ಯೋ, ನಿಮ್ಮ ನಸೀಬದ ಚಿಂತಿ ಐತ್ಯೋ?"

ಉತ್ತರಕ್ಕೆ ಕಾಯದೆ ಅವಳೇ, "ಬಿಸಿಲಾಗ ನಿಂದರಬ್ಯಾಡ್ರಿ, ಬರ್ರಿ," ಎಂದು ಇಟ್ಟಳು. ಆ ಬರ್ರಿಯಲ್ಲಿದ್ದ ಕನಿಕರ ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಮನೆಗೆ ಹೋಗುವ ದಾರಿ ಬಲಕ್ಕಿತ್ತು, ಅವನ ಕಾಲುಗಳು ಎಡಕ್ಕೆ ಹೊರಳಿದವು. ಕನ್ನಡಕವಿಲ್ಲದೆ ಊರು ಮಸುಕಾಗಿತ್ತು. ಟಾಂಟಾಂ ಆಟೋಗಳು ಹತ್ತಿರ ಬಂದ ಮೇಲೇ ಆಕಾರ ತಾಳುತ್ತಿದ್ದವು. ಎಲ್ಲಿ ಹೋಗುತ್ತಿದ್ದೇನೆ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ, ಕೇಳಿಕೊಂಡರೆ ನಿಲ್ಲಬೇಕಾಗುತ್ತಿತ್ತು. ಊರ ಅಂಚಿನ ಲಕ್ಷ್ಮವ್ವನ ಗುಡಿಯ ಮುಂದೆ ಚಪ್ಪಲಿ ಬಿಡುವಾಗ ಒಂದು ಕಾಲಿನದನ್ನು ಬಿಟ್ಟು ಇನ್ನೊಂದು ಕಾಲಿನದನ್ನು ಬಿಡಲೋ ಬೇಡವೋ ಎಂದು ನಿಂತ.

ಇಂಥದೇ ಗುಡಿ ಅವನ ಹುಟ್ಟೂರು ಘೋಡಗೇರಿಯಲ್ಲಿ. ಅವ್ವ ಶಂಕ್ರವ್ವ ಅವನನ್ನು ಗೋಕಾಕದ ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ಹೂವಿನ ಪ್ರಸಾದ ಕೇಳಿದ್ದಳು. ಒದ್ದೆ ಮಾಡಿದ ಹೂವಿನ ಎಸಳನ್ನು ದೇವಿಯ ಎರಡೂ ಹೆಗಲಿಗೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಎಡಕ್ಕೆ ಬಿತ್ತು. "ನೀ ಇನ್ನೂ ಪೂರಾ ಕೇಳಿಲ್ಲವ್ವಾ, ನಾ ಮೊದಲಿಂದ ಹೇಳತೇನಿ," ಎಂದು ಅವ್ವ ದೇವಿಗೆ ಮಗನ ಅಂಕಗಳನ್ನೆಲ್ಲ ಬಿಡಿಸಿ ಹೇಳಿದಳು. ಮತ್ತೆ ಎಡಕ್ಕೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಮೂರನೇ ಸಲ ಬಲಕ್ಕೆ ಬಿದ್ದ ಕೂಡಲೇ, "ನೋಡು, ಅಕಿಗೂ ಖುಷಿ ಆತು," ಎಂದು ಎದ್ದಳು. ಆ ಹೌದಿನಿಂದ ಕಾಲೇಜು ಕಂಡವನು ಅಲ್ಲಿ ಸಂಭವದ ಪಾಠ ಕೇಳಿ ಬಂದು, ಗೋಕಾಕದ ಗೆಳೆಯರು ಮನೆಗೆ ಬಂದಿದ್ದಾಗ ಅವರೆದುರು ಅವ್ವನಿಗೆ ವಿವರಿಸಿದ್ದ: ಬೇಕಾದ್ದು ಬೀಳುವ ತನಕ ನಾಣ್ಯ ಹಾರಿಸಿದರೆ ಅದು ಪ್ರಸಾದವಲ್ಲ ಅವ್ವಾ, ಹಟ. ಗೆಳೆಯರು ನಕ್ಕರು. ಅವ್ವನೂ ನಕ್ಕಳು, ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ. ಆ ಮೇಲೆ ಸಾಯುವ ತನಕ ಅವನೆದುರು ಅವಳು ಯಾವ ದೇವರಿಗೂ ಏನೂ ಕೇಳಲಿಲ್ಲ.

"ಬರ್ರಿ ಮಾಸ್ತರ," ಎಂದ ಪೂಜಾರಿ ಪರಪ್ಪ. ಅವನಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಲೋಕಕ್ಕೆಲ್ಲ ಮಂದ ಎಂದುಕೊಂಡು ಮಾತಾಡುತ್ತಾನೆ. ಗಜಾನನ ಪಿಸುಗುಟ್ಟಿದ್ದನ್ನು ಎರಡು ಸಲ ಹೇಳಿಸಿಕೊಂಡು, ಎಸಳು ಅಂಟಿಸಿ, ಗುಡಿ ಗುಂಯ್ ಎನ್ನುವಂತೆ ಕೂಗಿದ: "ಅವ್ವಾ, ಮಾಸ್ತರ ಹೇಣ್ತಿಗಿ ಹೊಟ್ಟಿ ಆಪರೇಷನ್ ಐತಿ ಸೋಮಾರ. ಮಾಸ್ತರಗ ಅಂಜಿಕಿ ಐತಿ. ಮಾಡಸಬೇಕೋ ಬ್ಯಾಡೋ? ತಿಳಿಸಿ ಹೇಳು!"

ಗಜಾನನ ಕೈ ಜೋಡಿಸಿ ನಿಂತ. ಕನ್ನಡಕವಿಲ್ಲದ ಕಣ್ಣಿಗೆ ದೇವಿ ಕೆಂಪು ಮತ್ತು ಹಳದಿಯ ಒಂದು ರಾಶಿ, ಎಸಳುಗಳು ಕಂಡೂ ಕಾಣದ ಎರಡು ಬಿಳಿ ಚುಕ್ಕೆ. ಬಿತ್ತೇ ಎಂದು ಕೇಳಿದ. ಇಲ್ಲ ಎಂದ ಪರಪ್ಪ. ಬೆವರು ಕಿವಿಯ ಹಿಂದೆ ಇಳಿಯಿತು. ಒಂದು ನೊಣ ಬಂದು ಬಲಗಡೆಯ ಚುಕ್ಕೆಯ ಹತ್ತಿರ ಹಾರಾಡಿತು. ನೊಣ ಕೂತರೆ ಭಾರಕ್ಕೆ ಬೀಳಬಹುದು, ಅದು ಲೆಕ್ಕಕ್ಕೆ ಬರುತ್ತದೆಯೇ? ಎಡಗಡೆಯ ಎಸಳಿಗೆ ನೀರು ಕಡಿಮೆ ಹಚ್ಚಿದ್ದಾನೆಯೇ ಈ ಪರಪ್ಪ? ಎಸಳಿನ ತೂಕ, ಕಲ್ಲಿನ ನುಣುಪು, ಬಾಗಿಲ ಗಾಳಿ, ಎಲ್ಲವನ್ನೂ ಮನಸ್ಸು ಹಿಡಿಹಿಡಿದು ತೂಗುತ್ತಿತ್ತು. ಬಲಕ್ಕೆ ಬಿದ್ದರೆ ನಂಬುತ್ತೇನೆಯೇ? ಎಡಕ್ಕೆ ಬಿದ್ದರೆ ಅವಳಿಗೆ ಹೋಗಿ ಏನು ಹೇಳಲಿ? ನೋವು ತಿನ್ನು, ಹೂವು ಹೇಳಿದೆ, ಎಂದೇ? ನಾಣ್ಯವನ್ನು ಹಾರಿಸಿದರೆ ಅದು ಕೆಳಗಾದರೂ ಬೀಳುತ್ತದೆ. ಇದು ಬೀಳುತ್ತಲೂ ಇಲ್ಲ. ತಾನು ಕಲಿಸಿದ ಯಾವ ಲೆಕ್ಕದಲ್ಲೂ ಇಲ್ಲದ ಈ ಮೂರನೆಯದನ್ನು ಏನೆಂದು ಕರೆಯಬೇಕು? ಅವ್ವಾ, ಎಂದ. ಶಂಕ್ರವ್ವನನ್ನೋ ಲಕ್ಷ್ಮವ್ವನನ್ನೋ ಅವನಿಗೆ ಗೊತ್ತಾಗಲಿಲ್ಲ.

"ಗಜಾನನ ಸರ."

ಬೆನ್ನ ಹಿಂದೆ ಬಂದ ಆ ದನಿಯ ಪರಿಚಯ ಅವನಿಗೆ ಸಿಗಲಿಲ್ಲ. ತಿರುಗಿದರೆ ಮಲ್ಲೇಶ, ಕೈಯಲ್ಲಿ ಗಜಾನನನ ಕನ್ನಡಕ. ಮರೆತುಹೋದದ್ದನ್ನು ಕೊಡಲು ಬೈಕಿನಲ್ಲಿ ಹಿಂದೆ ಬಂದವನು ಗುಡಿಯ ಕಟ್ಟೆಯ ಮೇಲೆ ನಿಂತು ಪರಪ್ಪನ ಕೂಗನ್ನು ಪೂರ್ತಿ ಕೇಳಿಸಿಕೊಂಡಿದ್ದ. ಮುಖ ಸುಣ್ಣದಂತಾಗಿತ್ತು. ಇಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವನ ಸ್ವಂತ ದನಿ ಹೇಗಿದೆಯೆಂದು ಗಜಾನನ ಕೇಳಿದ್ದು ಅದೇ ಮೊದಲು.

"ಅಕ್ಕಾಗ ಆಪರೇಷನ್ ಐತಿ? ಸೋಮವಾರ? ಯಾಕ ಹೇಳಲಿಲ್ರಿ ಸರ?"

"ನೀವು ಹೋಗ್ರಿ ಮಲ್ಲೇಶ ಸರ. ಸೋಮವಾರ ಸಾಲ್ಯಾಗ ಇದನ್ನೂ ಮಾಡಿ ತೋರಸಾಕ ಬರತೈತಿ. ಕೈ ಹಿಂಗ ಜೋಡಸಬೇಕು, ನೋಡ್ಕೋರಿ."

ಮಲ್ಲೇಶ ತಲೆ ತಗ್ಗಿಸಿದ. "ಅಂಜಿಕಿ ಯಾಕ ಅಂತ ಕೇಳಬಹುದೇನ್ರಿ?"

"ನೂರರಾಗ ಒಬ್ಬರಿಗೆ ತ್ರಾಸ ಆಗತೈತಂತ." ಗಜಾನನನಿಗೆ ತನ್ನ ಬಾಯಿಂದ ಹೊರಬೀಳುತ್ತಿದ್ದ ಮಾತನ್ನು ತಡೆಯಲಾಗಲಿಲ್ಲ. "ಆರು ಸಲ ನೋಡಿದ್ರೆಲ್ರಿ ನೀವಽ. ಆರು ಸಲ! ಯಾವುದರಾಗ ಒಂದು ಅಂತಾರೋ ಆ ಒಂದು ನಾನಽ. ಅದಕ್ಕ ನನ್ನ ವಿಳಾಸ ಗೊತ್ತೈತಿ. ಇನ್ನ ನೂರರಾಗ ಒಂದು ಅಂದ್ರ ಅನ್ನಪೂರ್ಣಾನ..."

ಮಲ್ಲೇಶ ಅವನ ತೋಳು ಹಿಡಿದ. "ಬರ್ರಿ ಸಾಲಿಗೆ. ಈಗಽ ಬರ್ರಿ. ಆಮ್ಯಾಲೆ ಬೇಕಾದ್ರ ನನ್ನ ಹೊಡೀರಿ."

ಹೂವು ಇನ್ನೂ ಬಿದ್ದಿಲ್ಲ, ನಿಂದರ್ರಿ, ಎಂದು ಪರಪ್ಪ ಕೂಗುತ್ತಿದ್ದಂತೆಯೇ ಅವನು ಗಜಾನನನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಅವನು ಬೈಕು ಓಡಿಸಿದ ವೇಗವೇ ಹೆದರಿಕೆ ಹುಟ್ಟಿಸಿತು. ಮನೆಯಿಂದ ಏನಾದರೂ ಸುದ್ದಿ ಬಂದಿದೆಯೇ? ಅದಕ್ಕೇ ಹೀಗೆ ಎಳೆದೊಯ್ಯುತ್ತಿದ್ದಾನೆಯೇ? ಗಜಾನನ ಫೋನು ತೆಗೆದು ನೋಡಿದ, ಏನೂ ಇರಲಿಲ್ಲ, ಮತ್ತೆ ನೋಡಿದ. ಕನ್ನಡಕ ಹಾಕಿಕೊಂಡ ಮೇಲೆ ಊರು ತೀರ ಚೂಪಾಗಿ ಕಾಣುತ್ತಿತ್ತು, ಗಾಡಿಯ ಮೇಲಿನ ಬಾಳೆಹಣ್ಣಿನ ಕಪ್ಪು ಚುಕ್ಕೆಗಳೂ ಸಹ.

ಟೀಚರ್ಸ್ ರೂಮಿನಲ್ಲಿ ರಾಯಪ್ಪ ಮತ್ತು ರಾಜೇಶ್ವರಿ ಅಕ್ಕಾರು ಚಹಾ ಕುಡಿಯುತ್ತಿದ್ದರು. ಮಲ್ಲೇಶನ ಮುಖ ನೋಡಿ ರಾಯಪ್ಪನ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಮಲ್ಲೇಶ ಕಪಾಟು ತೆರೆದು ಡಬ್ಬಿ ತೆಗೆದ. ಯಾರ ಕಡೆಗೂ ನೋಡದೆ ಮೇಜಿನ ಮೇಲೆ ಬೋರಲು ಹಾಕಿದ. ಆರು ಸುರುಳಿಗಳು ಬಿದ್ದವು, ಒಂದು ಉರುಳಿ ರಾಯಪ್ಪನ ತಟ್ಟೆಗೆ ತಾಗಿ ನಿಂತಿತು. ಮಲ್ಲೇಶ ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟು, ಗಾಳಿಗೆ ಹಾರದಂತೆ ಅಂಗೈ ಒತ್ತಿದ.

ಗಜಾನನ. ಗಜಾನನ. ಗಜಾನನ. ಎಲ್ಲವೂ. ಅಕ್ಷರವೂ ಅವನದೇ; ಗಕಾರದ ಮೇಲಿನ ಆ ಗುಂಡು ತಲೆಕಟ್ಟು, ನಕಾರದ ಬಾಲವನ್ನು ಒಳಕ್ಕೆಳೆಯುವ ಆ ರೀತಿ. ಮಲ್ಲೇಶ ಅವನ ದನಿಯಷ್ಟೇ ಚಂದ ಅವನ ಅಕ್ಷರವನ್ನೂ ಅಣಕಿಸಿದ್ದ.

"ಎರಡನೇ ಸಲಕ್ಕಽ ಡಬ್ಬಿ ಸುರುವ್ತೀರಿ ಅಂದ್ಕೊಂಡಿದ್ವಿ ಸರ," ಎಂದ ಮಲ್ಲೇಶ. "ಖರೇನ. ನಾವು ಮೂರೂ ಮಂದಿ ಕಾಯ್ಕೊಂಡ ಕುಂತಿದ್ವಿ. ನೀವು ಸುರುವಲಿಲ್ಲ, ಭಾಷಣಾ ಮಾಡಿದ್ರಿ. ಮೂರನೇ ಸಲ ಮತ್ತೂ ದೊಡ್ಡ ಭಾಷಣಾ. ಆಮ್ಯಾಲೆ ಹೇಳಾಕ ಅಂಜಿಕಿ ಆತು. ಸೋಮವಾರ ಅಕ್ಕಾಗ ಆಪರೇಷನ್ ಐತಿ ಅಂತ ನಮಗ ಗೊತ್ತಽ ಇರಲಿಲ್ಲ."

"ಸೋಮವಾರ ನಾ ಹೋಗತೇನ್ರಿ ಮೂಡಲಗಿಗೆ," ಎಂದರು ರಾಜೇಶ್ವರಿ ಅಕ್ಕಾರು. ಮಲ್ಲೇಶ ಆಪರೇಷನ್ನಿನ ಮಾತು ಹೇಳಿದಾಗಲೇ ಅವರ ಕಣ್ಣು ತುಂಬಿದ್ದವು. "ಹುಡುಗಾಟಿಕಿ ಆತ್ರಿ ಸರ. ನಮ್ದು ತಪ್ಪಾತು."

ಗಜಾನನ ಕೂತ. ಮೊದಲು ಸಿಟ್ಟು ಬಂತು. ಬಿಸಿಲಿನ ಕಬಡ್ಡಿ ಮೈದಾನ, ಮತದಾರರ ಮನೆಯ ನಾಯಿಗಳು, ಐಶ್ವರ್ಯಳ ಕೆಂಪಾದ ಮುಖ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಆದರೆ ಸಿಟ್ಟಿನ ಹಿಂದೆಯೇ ಇನ್ನೊಂದು ಹೊಳೆಯಿತು, ಒಳಗೆ ಬೇರುಬಿಟ್ಟಿದ್ದ ಆ ಅಂಜಿಕೆ ಎಲ್ಲಿ ಎಂದು ಹುಡುಕಿದರೆ ಅದು ಇರಲಿಲ್ಲ. ಯಾರೂ ಅವನನ್ನು ನಲವತ್ತಾರು ಸಾವಿರದಲ್ಲಿ ಹುಡುಕಿ ಹಿಡಿದಿರಲಿಲ್ಲ. ಯಾವ ಬೆರಳೂ ಅವನ ಕಡೆ ಚಾಚಿರಲಿಲ್ಲ, ಈ ಮಸಿಬೆರಳಿನ ಕನ್ನಡ ಮಾಸ್ತರನ ಬೆರಳೊಂದನ್ನು ಬಿಟ್ಟರೆ. ಆರರಲ್ಲಿ ಆರು ಅವನೇ. ಬರದೆ ಹೋದರೆ ಆಗ ಆಶ್ಚರ್ಯಪಡಬೇಕಿತ್ತು. ರಾತ್ರಿಗಟ್ಟಲೆ ಒಂದು ಸಂಭವವನ್ನೇ ಗುಣಿಸುತ್ತ ಕೂತವನು, ಪಕ್ಕದಲ್ಲಿಟ್ಟು ತೂಗಬೇಕಿದ್ದ ಇನ್ನೊಂದನ್ನು ತಕ್ಕಡಿಗೇ ಹಾಕಿರಲಿಲ್ಲ. ಹತ್ತನೇ ತರಗತಿಯ ದಡ್ಡನೂ ಮೊದಲು ಕೇಳುವ ಪ್ರಶ್ನೆ.

"ರಾಯಪ್ಪ ಸರ," ಎಂದ ಅವನು ನಿಧಾನವಾಗಿ. "ಒಂದ್ ಲೆಕ್ಕ ಹೇಳ್ರಿ. ಮಲ್ಲೇಶ ಸರು ಕಿಡಗೇಡಿ ಆಗಿರೂ ಸಂಭವ ಎಷ್ಟು?"

ರಾಯಪ್ಪ ಮಲ್ಲೇಶನನ್ನು ನೋಡಿದ, ರಾಜೇಶ್ವರಿ ಅಕ್ಕಾರನ್ನು ನೋಡಿದ, ಹೊಡೆತ ತಪ್ಪಿಸಿಕೊಳ್ಳುವವನಂತೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. "ನೂರಕ್ಕ ನೂರ್ರಿ ಸರ."

ಗಜಾನನನ ಮೂಗಿನಿಂದ ಒಂದು ಸದ್ದು ಹೊರಟಿತು. ಅಳುತ್ತಿದ್ದಾನೆಂದುಕೊಂಡು ರಾಜೇಶ್ವರಿ ಅಕ್ಕಾರು ಎದ್ದು ನಿಂತರು. ಎರಡನೇ ಸದ್ದು ಬಾಯಿಂದ ಬಂತು, ಮೂರನೆಯದಕ್ಕೆ ಅವನು ಮೇಜಿನ ಮೇಲೆ ಬಗ್ಗಿ, ತನ್ನದೇ ಹೆಸರುಗಳ ಮೇಲೆ ಹಣೆಯಿಟ್ಟು, ಭುಜ ಕುಣಿಸುತ್ತ ನಗತೊಡಗಿದ. ರಾಯಪ್ಪ ಅನುಮಾನಿಸುತ್ತಲೇ ಹಹ್ಹಾ ಎಂದ. ಮಲ್ಲೇಶ ನಗಲೋ ಬೇಡವೋ ಎಂದು ಒದ್ದಾಡಿ, ತುಟಿ ಸಡಿಲಿಸಿ, ಗಜಾನನ ತಲೆಯೆತ್ತಿ ಅವನ ಮುಖ ನೋಡಿ ಇನ್ನಷ್ಟು ಜೋರಾಗಿ ನಕ್ಕಾಗ ಬೆಚ್ಚಿ ಸುಮ್ಮನಾದ. ಇಷ್ಟು ವರ್ಷದಲ್ಲಿ ಎಂದೂ ಕೇಳದ ಈ ನಗೆಯನ್ನು ಅಣಕಿಸಲು ಅವನಿಂದಲೂ ಸಾಧ್ಯವಿರಲಿಲ್ಲ.

ನಗುತ್ತಲೇ ಫೋನು ಹಚ್ಚಿದ. "ಅನ್ನಪೂರ್ಣಾ... ನಿಮ್ಮವ್ವಗ ಬರಾಕ ಹೇಳು. ಸೋಮವಾರ. ನಾ ಇರತೇನಿ, ಎಲ್ಲಿಗೂ ಹೋಗೂದಿಲ್ಲ."

"ಏನಾತ್ರಿ? ಯಾಕ ಹಿಂಗ ಮಾಡಾಕತ್ತೀರಿ? ಅಳಾಕತ್ತೀರೇನು? ಚೀಟಿ?"

"ಎಲ್ಲಾ ನಂದಽ ಇದ್ದೂ! ಎಲ್ಲಾ!"

ಅವಳಿಗೆ ಏನೂ ತಿಳಿಯಲಿಲ್ಲ. ಆದರೂ ಆ ಕಡೆಯಿಂದ ಅವಳೊಮ್ಮೆ ಸಣ್ಣಗೆ ನಕ್ಕದ್ದು, ನಕ್ಕ ನೋವಿಗೆ ಅಯ್ಯ ಎಂದದ್ದು ಕೇಳಿಸಿತು. ಆ ಅಯ್ಯ ಅವನೊಳಗೆ ಮುಳ್ಳಿನ ಹಾಗೆ ಇಳಿಯಿತು. ನೂರರಲ್ಲಿ ಒಂದು ಇನ್ನೂ ಇತ್ತು, ಗೋಕಾಕದ ಆಸ್ಪತ್ರೆಯ ಯಾವುದೋ ಮೂಲೆಯಲ್ಲಿ ಸೋಮವಾರದ ತನಕ ಇದ್ದೇ ಇರುತ್ತಿತ್ತು, ಎಲ್ಲರಿಗೂ ಇರುವ ಹಾಗೆ, ಇಷ್ಟೇ ಇಷ್ಟು. ಅದರ ಮುಂದೆ ಅವನೂ ಅವಳೂ ಊರ ಉಳಿದ ಮಂದಿಯಂಥವರೇ. ಆ ಉಳಿದ ಮಂದಿಯೊಳಗೆ ಒಬ್ಬನಾಗುವುದು ಇಷ್ಟು ಹಗುರವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಣ್ಣಿನ ನೀರು ಒರೆಸಿಕೊಳ್ಳಲು ಹೋಗಿ ಮೂಗಿನ ಮೇಲಿನ ಕನ್ನಡಕವನ್ನೇ ಕೆಳಗೆ ಬೀಳಿಸಿದ. ರಾಯಪ್ಪ ಅದನ್ನು ಹಿಡಿಯಲು ಹೋಗಿ ಚಹಾದ ಲೋಟ ಉರುಳಿಸಿದ, ರಾಜೇಶ್ವರಿ ಅಕ್ಕಾರು ಅಳುತ್ತಿದ್ದವರು ನಕ್ಕರು, ಕಡೆಗೆ ಮಲ್ಲೇಶನೂ ತಡೆಯಲಾರದೆ ಗೋಡೆಗೆ ಒರಗಿ ನಕ್ಕ. ಗದ್ದಲ ಕೇಳಿ ಉದ್ದಪ್ಪನವರು ತಮ್ಮ ಕೋಣೆಯಿಂದ ಎದ್ದು ಬಂದು, ಏನಾತ್ರಿ, ಏನಾತು, ಎನ್ನುತ್ತ ಬಾಗಿಲಲ್ಲಿ ನಿಂತಾಗ ಅವರಿಗೆ ನಾಲ್ಕು ಜನ ನಗುವುದು ಕಂಡಿತು. ಎಲ್ಲರ ನಗೆಯನ್ನೂ ಮುಳುಗಿಸಿ ಕೇಳಿಸಿದ್ದು ಮಾತ್ರ ಒಬ್ಬ ಗಜಾನನನದೇ.